ಮೂರು ತಿಂಗಳು ಜರ್ಮನಿಗೆ ಸಂಶೋಧನೆಗೆ ಹೋಗುವ ಆಸೆ: ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ?

ಹಂಚಿನಮನೆ:

ನಮಸ್ಕಾರ. ದಕ್ಷಿಣ ಕನ್ನಡದ ಒಂದು ಅನುದಾನಿತ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಯಸ್ಸು 44. ಪಿಎಚ್‌ಡಿ ಮುಗಿದು ಎಂಟು ವರ್ಷ ಆಯಿತು, ಆಮೇಲೆ ಬರೆದದ್ದೆಲ್ಲ ಪ್ರಶ್ನೆಪತ್ರಿಕೆ ಮಾತ್ರ.

ನಮ್ಮ ಅಜ್ಜ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯ ಬಗ್ಗೆ, ಅದನ್ನು ಕಟ್ಟಿದ ಪ್ಲೆಬ್ಸ್ಟ್ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಅಲ್ಲಿ ಮಣ್ಣು ತುಳಿದವರ ಬಗ್ಗೆ ಸಿಗುವುದಿಲ್ಲ. ಮಿಷನ್‌ನವರು ಊರಿಗೆ ಬರೆದ ಪತ್ರಗಳಲ್ಲಿ ಏನಾದರೂ ಇರಬಹುದು ಅಂತ ನನ್ನ ಅಂದಾಜು.

ಡಿಎಎಡಿ ಎಂಬ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯವರು ಕಾಲೇಜು ಅಧ್ಯಾಪಕರಿಗೆ ಒಂದರಿಂದ ಮೂರು ತಿಂಗಳ ಸಂಶೋಧನಾ ಅನುದಾನ ಕೊಡುತ್ತಾರಂತೆ. ನನ್ನ ಅನುಮಾನಗಳು ಇವು. ಜರ್ಮನ್ ಒಂದಕ್ಷರ ಬರುವುದಿಲ್ಲ, ತೊಂದರೆಯಾ? ಪತ್ರಗಳು ಇರುವುದು ಬಾಸೆಲ್‌ನಲ್ಲಿ, ಅಂದರೆ ಸ್ವಿಟ್ಜರ್ಲೆಂಡಿನಲ್ಲಿ. ಜರ್ಮನಿಯ ದುಡ್ಡಿನಲ್ಲಿ ಅಲ್ಲಿಗೆ ಹೋಗಬಹುದಾ? ಗುರುತು ಪರಿಚಯ ಇಲ್ಲದ ಪ್ರೊಫೆಸರಿಗೆ ಪತ್ರ ಬರೆಯುವುದು ಹೇಗೆ ಮಾರಾಯ್ರೆ? ಮಗಳು ಬರುವ ವರ್ಷ ಎಸ್ಸೆಸ್ಸೆಲ್ಸಿ, ಅದು ಬೇರೆ ತಲೆಬಿಸಿ.

ಉಡುಪಿಯ ಓದುಗ:

ಹೋಗುವುದು ಯಾಕೆ ಮೇಡಂ? ಬಾಸೆಲ್ ಮಿಷನ್‌ನ ಹಳೇ ಫೋಟೋಗಳೆಲ್ಲ ನೆಟ್‌ನಲ್ಲಿವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಹಳೇ ಪುಸ್ತಕಗಳೂ ಸಿಗುತ್ತವೆ, ಮಲಯಾಳಂ ಜಾಸ್ತಿ, ಕನ್ನಡವೂ ಇದೆ. ಮನೆಯಲ್ಲೇ ಕೂತು ನೋಡಬಹುದಲ್ವಾ?

ಬೆಟಗೇರಿ ಮಗ್ಗ:

ಮೇಡಂ, ನಾನು ಗದಗ ಕಡೆಯ ಕಾಲೇಜು ಮಾಸ್ತರ. ಇದೇ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದೆ. ಮೊದಲ ಸಲ ಸಿಗಲಿಲ್ಲ. ಆ ಅರ್ಜಿ ಈಗ ತೆಗೆದು ನೋಡಿದರೆ ನನಗೇ ನಾಚಿಕೆ.

ವಿಷಯ ಏನು ಕೊಟ್ಟಿದ್ದೆ ಗೊತ್ತಾ? ‘ಕರ್ನಾಟಕಕ್ಕೆ ಬಾಸೆಲ್ ಮಿಷನ್‌ನ ಕೊಡುಗೆ’. ನಮ್ಮ ವಿಚಾರ ಸಂಕಿರಣಗಳಲ್ಲಿ ಊಟ ಆದ ಮೇಲಿನ ಗೋಷ್ಠಿಗೆ ಇಡುತ್ತಾರಲ್ಲ, ಅಂಥದ್ದು. 1843ರ ಮಂಗಳೂರ ಸಮಾಚಾರ ಪತ್ರಿಕೆ, ಅದನ್ನು ಹೊರಡಿಸಿದ ಮೊಗ್ಲಿಂಗ್, 1894ರ ಕಿಟೆಲ್ ನಿಘಂಟು, ಹಂಚು, ಮಗ್ಗ, ಶಾಲೆ, ಎಲ್ಲ ತುರುಕಿದ್ದೆ. ಈ ಮನುಷ್ಯ ಅಲ್ಲಿ ಹೋಗಿ ಯಾವ ಕಾಗದ ಬಿಚ್ಚುತ್ತಾನೆ ಅಂತ ಓದಿದವರಿಗೆ ಗೊತ್ತಾಗುವಂತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ಎರಡನೇ ಸಲ ಒಂದೇ ಪ್ರಶ್ನೆ ಇಟ್ಟುಕೊಂಡೆ. 1876–78ರ ಬರದಲ್ಲಿ ಬೆಟಗೇರಿಯ ನೇಕಾರರಿಗೆ ಏನಾಯಿತು, ಅದರ ಬಗ್ಗೆ ಮಿಷನ್‌ನವರು ಬಾಸೆಲ್‌ಗೆ ಏನು ಬರೆದರು? ಅರ್ಜಿಗೆ ಮೊದಲೇ ಪತ್ರಾಗಾರಕ್ಕೆ ಇಮೇಲ್ ಹಾಕಿ, ಆ ವರ್ಷಗಳ ಪತ್ರದ ಕಟ್ಟುಗಳ ಕ್ರಮಸಂಖ್ಯೆ ಕೇಳಿ ತಿಳಿದುಕೊಂಡೆ. ವಾರದ ಲೆಕ್ಕದಲ್ಲಿ ಯಾವ ಕಟ್ಟು ಯಾವಾಗ ಅಂತ ಬರೆದೆ. ಉಡುಪಿಯವರು ಕೇಳಿದ ‘ಹೋಗುವುದು ಯಾಕೆ’ ಎಂಬ ಪ್ರಶ್ನೆಗೆ ಉತ್ತರವೇ ನಿಮ್ಮ ಅರ್ಜಿ. ಫೋಟೋ, ನಕ್ಷೆ ಸಾವಿರಗಟ್ಟಲೆ ನೆಟ್‌ನಲ್ಲಿವೆ, ನಿಜ. ಕೈಬರಹದ ಪತ್ರಗಳ ಕತೆ ಬೇರೆ. ಯಾವುದು ಇಲ್ಲಿಂದಲೇ ನೋಡಿ ಮುಗಿಸಿದ್ದೀರಿ, ಯಾವುದು ಅಲ್ಲಿಗೆ ಹೋದರೆ ಮಾತ್ರ ಆಗುತ್ತದೆ, ಅದನ್ನು ಬಿಡಿಸಿ ಹೇಳಿ. ನಿಮಗಂತೂ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಕೈಗೆಟುಕುವ ದೂರದಲ್ಲಿದೆ. ಅಲ್ಲಿನ ಹಳೇ ಸಂಗ್ರಹ ನೋಡದೆ ಜರ್ಮನಿಗೆ ಹೊರಟರೆ, ಬಾವಿ ಮನೆ ಹಿಂದೆ ಇಟ್ಟುಕೊಂಡು ಕೊಡ ಹಿಡಿದು ಊರು ಸುತ್ತಿದ ಹಾಗೆ.

ಪ್ರೊಫೆಸರಿಗೆ ಪತ್ರ: ಆತಿಥೇಯರ, ಅಂದರೆ ಅಲ್ಲಿ ನಮ್ಮನ್ನು ಕರೆಸಿಕೊಳ್ಳುವ ಪ್ರೊಫೆಸರರ, ಆಹ್ವಾನ ಪತ್ರ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನಾನು ಮೊದಲು ಹದಿನಾಲ್ಕು ಜನರಿಗೆ ಬರೆದೆ. ಎಲ್ಲರಿಗೂ ಒಂದೇ ಎರಡು ಪುಟದ ಪತ್ರ, ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಧಾಟಿಯಲ್ಲಿ, ಇಂಗ್ಲಿಷಿನಲ್ಲಿ. ಉತ್ತರ ಬಂದದ್ದು ಇಬ್ಬರಿಂದ, ಎರಡೂ ‘ಶುಭವಾಗಲಿ’. ಮುಂದಿನ ವರ್ಷ ಒಬ್ಬರಿಗೇ ಹನ್ನೆರಡು ಸಾಲು ಬರೆದೆ. ಅವರ ಒಂದು ಲೇಖನ ಓದಿ, ಅದರಲ್ಲಿ ನನಗೆ ಅರ್ಥವಾಗದ ಒಂದು ವಿಷಯ ಕೇಳಿದೆ. ನಾನು ಯಾರು ಅಂತ ಎರಡೇ ಸಾಲು. ನಾಲ್ಕನೇ ದಿನ ಉತ್ತರ ಬಂತು.

ಬಾಸೆಲ್: ಅನುದಾನ ಜರ್ಮನಿಯ ಸಂಸ್ಥೆಯಲ್ಲಿ ಇರುವುದಕ್ಕೆ. ಅದಕ್ಕೇ ಆತಿಥೇಯರು ಜರ್ಮನಿಯಲ್ಲೇ ಇರಬೇಕು. ನಾನು ಟ್ಯೂಬಿಂಗನ್‌ನಲ್ಲಿ ಇದ್ದು, ಬಾಸೆಲ್‌ಗೆ ಹೋಗಿ ಬರುವ ದಿನಗಳನ್ನು ಯೋಜನೆಯಲ್ಲೇ ಸ್ಪಷ್ಟವಾಗಿ ಬರೆದಿದ್ದೆ. ಮುಚ್ಚಿಡಬೇಡಿ. ಕಿಟೆಲ್ ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ, 1903ರಲ್ಲಿ. ಮೊದಲ ಭಾನುವಾರ ಸುಮ್ನೆ ಆ ಬೀದಿಗಳಲ್ಲಿ ತಿರುಗಾಡಿದೆ, ಕೆಲಸಕ್ಕೆ ಸಂಬಂಧ ಇರಲಿಲ್ಲ.

ಇನ್ನು ನಾನು ಬಿದ್ದ ಹಳ್ಳ. ಜುಲೈ 1ರಿಂದ ಸೆಪ್ಟೆಂಬರ್ 30, ಮೂರು ತಿಂಗಳು ಅಂತ ಬರೆದೆ. ಎಣಿಸಿ ನೋಡಿ: 92 ದಿನ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ಇರಲು ಬಿಡುವುದು 90 ದಿನ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಇದು ಗೊತ್ತಾದದ್ದು ವೀಸಾ ಅರ್ಜಿ ತುಂಬುವಾಗ, ರಾತ್ರಿ ಹನ್ನೊಂದಕ್ಕೆ. ಆಹ್ವಾನ ಪತ್ರ ಮತ್ತೆ ಬರೆಸಿ, ಟಿಕೆಟ್ ಸೆಪ್ಟೆಂಬರ್ 27ಕ್ಕೆ ಬದಲಿಸಿದೆ. ಇನ್ನೊಂದು ತಪ್ಪೂ ಅದೇ ತಾರೀಖಿನಲ್ಲಿತ್ತು. ಜುಲೈ ಕೊನೆಗೆ ಅಲ್ಲಿ ಪಾಠ ಮುಗಿದು, ನನ್ನ ಪ್ರೊಫೆಸರು ರಜೆಗೆ ಹೊರಟರು. ಅವರನ್ನು ನೋಡಿದ್ದು ಮೂರು ವಾರ ಅಷ್ಟೆ.

ಜರ್ಮನ್ ಭಾಷೆ: ಆತಿಥೇಯರ ಜೊತೆ ಇಂಗ್ಲಿಷ್ ಸಾಕು. ಪತ್ರ ಓದಲು ಸಾಲದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಆನ್‌ಲೈನ್ ತರಗತಿಯಲ್ಲಿ ಎರಡು ಹಂತ ಕಲಿತು ಹೋಗಿದ್ದೆ, ಜಂಬದಿಂದ. ಮೊದಲ ಪತ್ರ ಬಿಚ್ಚಿದರೆ ಒಂದಕ್ಷರ ತಿಳಿಯಲಿಲ್ಲ! ಆ ಕಾಲದವರು ಬರೆಯುತ್ತಿದ್ದದ್ದು ಕುರೆಂಟ್ ಎಂಬ ಕೈಬರಹ. ನಮ್ಮ ಕಡೆ ಹಳೇ ದಫ್ತರಗಳಲ್ಲಿ ಮೋಡಿ ಲಿಪಿ ಇರುತ್ತದಲ್ಲ, ಹಾಗೆ. ಭಾಷೆ ಬಂದರೂ ಅಕ್ಷರ ಬರುವುದಿಲ್ಲ. ಅದರಲ್ಲಿ ‘ಇ’ (e) ಅಕ್ಷರ ನೋಡಲು ‘ಎನ್’ ಇದ್ದ ಹಾಗೆ. ‘ಎನ್’ ಮತ್ತು ‘ಯು’ ಒಂದೇ ಥರ, ‘ಯು’ ಮೇಲೆ ಒಂದು ಸಣ್ಣ ಕೊಂಕು ಹಾಕಿರುತ್ತಾರೆ, ಅದೊಂದೇ ಗುರುತು. ಮೊದಲ ವಾರ ಓದಿದ್ದು ಮೂರು ಪುಟ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಈ ಬರಹವನ್ನು ಓದಿ ಕೊಡುತ್ತದೆ, ತಪ್ಪು ಇರುತ್ತದೆ, ಆದರೂ ದಾರಿಗೆ ಹತ್ತುತ್ತೀರಿ. ಅಕ್ಷರವನ್ನು ಇಲ್ಲೇ ಕಲಿತು ಹೋಗಿ. ಅಲ್ಲಿ ಒಂದೊಂದು ದಿನವೂ ತುಟ್ಟಿ.

ದುಡ್ಡು: ನಮ್ಮಂಥ ಸಹಾಯಕ ಪ್ರಾಧ್ಯಾಪಕರಿಗೆ ನನ್ನ ಸರದಿಯಲ್ಲಿ ತಿಂಗಳಿಗೆ 2,000 ಯೂರೋ ಇತ್ತು, ಪ್ರಯಾಣಕ್ಕೆ ಬೇರೆ. ಕೋಣೆ ಬಾಡಿಗೆ 620 ಹೋಯಿತು. ಅಡುಗೆ ನಾನೇ ಮಾಡಿಕೊಂಡೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ತಿಂಗಳು ಬಂತು. ಪ್ರೊಫೆಸರಿಗೆ ಅಂತ ಧಾರವಾಡ ಪೇಡೆ ಮಾತ್ರ ಒಯ್ಯಬೇಡಿ, ಹಾಲಿನ ಪದಾರ್ಥ ಅಲ್ಲಿಗೆ ತರುವಂತಿಲ್ಲ.

ಎಲ್ಲಕ್ಕಿಂತ ತ್ರಾಸ ಕೊಟ್ಟದ್ದು ಇಲ್ಲಿನ ಎನ್‌ಒಸಿ, ಅಂದರೆ ಹೋಗಲು ಅಭ್ಯಂತರ ಇಲ್ಲ ಅನ್ನುವ ಪತ್ರ. ಫೈಲು ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿತು. ಅನುದಾನ ಸಿಕ್ಕ ಮೇಲೆ ಕೇಳೋಣ ಅಂತ ಕೂರಬೇಡಿ. ಅರ್ಜಿ ಹಾಕುವಾಗಲೇ ಪ್ರಿನ್ಸಿಪಾಲರ ಕಿವಿಗೆ ಹಾಕಿ, ನಿಮ್ಮ ಪಾಠ ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಬರಹದಲ್ಲೇ ಕೊಡಿ.

ಸ್ಟುಟ್‌ಗಾರ್ಟ್ ಕನ್ನಡತಿ:

ಒಂದು ಸಣ್ಣ ಸೇರ್ಪಡೆ. ಇಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರಲ್ಲಿ 49 ಯೂರೋಗೆ ಶುರುವಾಯಿತು, ಆಮೇಲೆ ಏರಿದೆ. ವೇಗದ ರೈಲು ಬಿಟ್ಟು ಉಳಿದ ಲೋಕಲ್ ರೈಲುಗಳಲ್ಲಿ ಓಡಾಡಬಹುದು. ಬಾಸೆಲ್ ಊರೊಳಗೆ ಬಾಡಿಷರ್ ಬಾನ್‌ಹೋಫ್ ಎಂಬ ಜರ್ಮನ್ ರೈಲು ನಿಲ್ದಾಣ ಇದೆ, ಅಲ್ಲಿಯವರೆಗೂ ನಡೆಯುತ್ತದೆ. ಆತಿಥೇಯರು ಫ್ರೈಬರ್ಗ್‌ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿಂದ ಬಾಸೆಲ್ ಒಂದು ಗಂಟೆಯೊಳಗೆ. ಪಾಸ್ ಬೇಡವಾದಾಗ ಆ ತಿಂಗಳ 10ರೊಳಗೆ ರದ್ದು ಮಾಡಿ. ಮರೆತರೆ ಮುಂದಿನ ತಿಂಗಳದ್ದೂ ಕತ್ತರಿಸುತ್ತಾರೆ.

ಹಂಚಿನಮನೆ:

ಎಲ್ಲರಿಗೂ ಥ್ಯಾಂಕ್ಸ್. ಕ್ಯಾಲೆಂಡರ್ ಹಿಡಿದು ಕೂತೆ. ಫೆಬ್ರವರಿ 1ರಿಂದ ಏಪ್ರಿಲ್ 30 ಅಂದರೆ 89 ದಿನ, ಚಂದ ಇತ್ತು. ಆದರೆ ಮಗಳ ಪರೀಕ್ಷೆ ನಡುವಿನಲ್ಲೇ ಬರುತ್ತದೆ. ಬೇಡ. ಅದರ ಮರುವರ್ಷಕ್ಕೆ ಹಾಕುತ್ತೇನೆ, ಅಷ್ಟರಲ್ಲಿ ಅಕ್ಷರ ಕಲಿಯಬಹುದು. ಶನಿವಾರ ಬಲ್ಮಠಕ್ಕೆ ಹೋಗಿ ಬರುತ್ತೇನೆ.

ನಿನ್ನೆ ನೆಟ್‌ನಲ್ಲಿ ಸಿಕ್ಕ ಒಂದು ಹಳೇ ಪತ್ರದ ಪುಟ ಪ್ರಿಂಟ್ ಹಾಕಿ, ಭೂತಗನ್ನಡಿ ಹಿಡಿದು ಒಂದು ಗಂಟೆ ಕೂತೆ. ಒಂದು ಪದ ಓದಲಿಕ್ಕೆ ಆಯಿತು: ‘ಮಂಗಳೂರು’!

ಬೆಟಗೇರಿ ಮಗ್ಗ:

ಅದು ಲೆಕ್ಕಕ್ಕಿಲ್ಲ ಮೇಡಂ. ನಮ್ಮ ಊರುಗಳ ಹೆಸರನ್ನು ಅವರು ಎಷ್ಟೋ ಸಲ ಮಾಮೂಲಿ ಲ್ಯಾಟಿನ್ ಅಕ್ಷರದಲ್ಲೇ ಬರೆಯುತ್ತಿದ್ದರು. ಅದರ ಪಕ್ಕದ ಪದ ಓದಿ.