2,200 ರೂಪಾಯಿಯ ಕುಂಬಳಕಾಯಿ: ಸರಳ ಹೃದಯದ ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳಿದವರು, ಹುಬ್ಬಳ್ಳಿ:
ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಕಾಯಿಪಲ್ಲೆಯನ್ನು ಹರಾಜು ಹಾಕುತ್ತಾರೆ. ಈ ಸಲ ಒಂದು ಕುಂಬಳಕಾಯಿಗೆ ನಾನು 2,200 ರೂಪಾಯಿ ಕೂಗಿದೆ. ಕಾರಣ ಇಷ್ಟೇ, ಎದುರು ಸಾಲಿನಲ್ಲಿ ಕುಳಿತಿದ್ದ ದಾಯಾದಿ 2,000 ಕೂಗಿದ್ದ. ಮರುವಾರ ಸಭಾಪಾಲಕರು, ಅಂದರೆ ನಮ್ಮ ಪಾಸ್ಟರ್, ಸರಳ ಹೃದಯದ ಬಗ್ಗೆ ಪ್ರಸಂಗ ಮಾಡಿದರು. ಯಾರ ಹೆಸರನ್ನೂ ಎತ್ತಲಿಲ್ಲ, ಆದರೂ ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಅಂಗಡಿಗೊಂದು, ಚರ್ಚಿಗೊಂದು, ಮನೆಗೊಂದು ಮನಸ್ಸು ಇಟ್ಟುಕೊಂಡು ದಣಿದಿದ್ದೇನೆ. ಸರಳ ಹೃದಯದಿಂದ ಬದುಕಿ ನೋಡಿದವರು ಯಾರಾದರೂ ಇದ್ದೀರಾ? ಬೈಬಲ್ ವಾಕ್ಯಗಳ ಪಟ್ಟಿ ಬೇಡ, ಅದು ನನ್ನ ಬಳಿಯೂ ಇದೆ.

ಬ್ಯಾಡಗಿಯಿಂದ:
ನೋಡಿದ್ದೇನೆ, ಕೈಯನ್ನೂ ಸುಟ್ಟುಕೊಂಡಿದ್ದೇನೆ. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಣ ಕಾಯಿಗೆ ನೀರು ಚಿಮುಕಿಸಿದರೆ ತೂಕ ಏರುತ್ತದೆ, ಕಾಯಿ ಮುರಿಯುವುದೂ ಇಲ್ಲ. ಚೆನ್ನಾಗಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ತೇವ ಕುಡಿದದ್ದು ಸದ್ದಿಲ್ಲದೆ ಬಾಗುತ್ತದೆ. ಒಂದು ಸೋಮವಾರ ಖರೀದಿದಾರನೊಬ್ಬ ಚೀಲದ ಮುಂದೆ ನಿಂತು "ಪೂರ್ತಿ ಒಣಗಿದೆಯೇ?" ಎಂದು ನನ್ನನ್ನೇ ಕೇಳಿದ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಬೇಕೆಂದು ಯೇಸು ಹೇಳಿದ್ದನ್ನು ಹಿಂದಿನ ದಿನವಷ್ಟೇ ಓದಿದ್ದೆ. "ಮೇಲಿನದು ಒಣಗಿದೆ, ಕೆಳಗಿನದು ಹಸಿ" ಎಂದೆ. ಅವನು ಚೀಲ ಬಿಟ್ಟು ಹೋದ. ತಿಂಗಳ ಕೊನೆಗೆ ಮಾಲೀಕರು ನನ್ನನ್ನು ಬಿಟ್ಟರು. ಎರಡು ತಿಂಗಳು ಹೆಂಡತಿಯ ತವರಿನ ಜೋಳದಲ್ಲಿ ಮನೆ ನಡೆಯಿತು. ದೇವರು ಕೂಡಲೇ ದೊಡ್ಡ ಕೆಲಸ ಕೊಟ್ಟನೆಂದು ಸಾಕ್ಷಿ ಹೇಳಲಾರೆ, ಈಗಿನ ಸಂಬಳ ಆಗಿನದಕ್ಕಿಂತ ಕಡಿಮೆ. ಆದರೆ ಮಾರುಕಟ್ಟೆಯ ದಿನ, ಸೋಮವಾರ ಗುರುವಾರ ಬೆಳಗಾದರೆ ಹೊಟ್ಟೆಯಲ್ಲಿ ಏಳುತ್ತಿದ್ದ ಸಂಕಟ ನಿಂತಿದೆ.

ಗದಗಿನಿಂದ, ನಿವೃತ್ತ ನರ್ಸ್:
ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ನಮ್ಮ ಗದಗಿನ ಪಕ್ಕದ ಬೆಟಗೇರಿಗೆ ಬಂದರು. ನಮ್ಮ ಹಿರಿಯರು ಸಭೆ ಸೇರಿದ್ದು ಅವರ ಕಾಲದಲ್ಲೇ. ಅಷ್ಟು ತಲೆಮಾರು ಬೈಬಲ್ ಓದಿದ ಮನೆಯವಳು ರಾತ್ರಿ ಪಾಳಿಯಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಎರಡು ಗಂಟೆಗೆ, ನಾಲ್ಕು ಗಂಟೆಗೆ ನೋಡಬೇಕಾದ ಜ್ವರವನ್ನು ಬೆಳಗಿನ ಐದೂವರೆಗೆ ಒಟ್ಟಿಗೇ ಅಂದಾಜಿನಲ್ಲಿ ಚಾರ್ಟಿಗೆ ತುಂಬುತ್ತಿದ್ದೆ. 98.6, 98.4, ಮತ್ತೆ 98.6. ಯಾರಿಗೂ ಸಂಶಯ ಬರಲಿಲ್ಲ. ಬೈಬಲ್ಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲನು ಸರಳ ಹೃದಯದ ಮಾತೆತ್ತುವುದು ದಾಸರ ದುಡಿಮೆಯ ಬಗ್ಗೆ ಹೇಳುವಾಗ: ಧಣಿಯ ಕಣ್ಣಿಗೆ ಬೀಳುವಾಗ ಮಾತ್ರ ಕೆಲಸ ಮಾಡಬೇಡಿ ಎಂದು. (ವಾಕ್ಯ ಬೇಡವೆಂದಿದ್ದೀರಿ, ಇದೊಂದನ್ನು ಕ್ಷಮಿಸಿ.) ಅದು ನಾಟಿದ ಮೇಲೆ, ಥರ್ಮಾಮೀಟರ್ ಹಿಡಿಯದೆ ಪೆನ್ನು ಮುಟ್ಟಲಿಲ್ಲ. ತಪ್ಪಿದರೆ ಚಾರ್ಟಿನ ಆ ಚೌಕವನ್ನು ಖಾಲಿ ಬಿಡುತ್ತಿದ್ದೆ. ಖಾಲಿ ಬಿಟ್ಟದ್ದಕ್ಕೆ ಎರಡು ಸಲ ಬೈಸಿಕೊಂಡೆ. ಸುಳ್ಳು ತುಂಬಿದ್ದಕ್ಕೆ ಒಮ್ಮೆಯೂ ಬೈಸಿಕೊಂಡಿರಲಿಲ್ಲ.

ಹುಬ್ಬಳ್ಳಿ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತ:
ತಮ್ಮಾ, ಸರಳನಾಗಲು ಹೋಗಿ ಪೆದ್ದನಾಗಬೇಡ. ಸಭೆಯವನೇ ಅಲ್ಲವೇ ಎಂದು ಒಬ್ಬನ ಸೊಸೈಟಿ ಸಾಲಕ್ಕೆ ಜಾಮೀನು ನಿಂತು ಮೂರು ವರ್ಷ ನಾನೇ ಕಂತು ಕಟ್ಟಿದೆ. ಮನಸ್ಸು ಮೊದಲೇ ಬೇಡ ಎಂದಿತ್ತು. ಒಳ್ಳೆಯವನೆನಿಸಿಕೊಳ್ಳುವ ಆಸೆಗೆ ಹೂಂ ಎಂದೆ. ನಿನ್ನ ಕುಂಬಳಕಾಯಿಗೂ ನನ್ನ ಜಾಮೀನಿಗೂ ಬೇರು ಒಂದೇ. ಪಾರಿವಾಳದಂತೆ ಕಪಟವಿಲ್ಲದವರಾಗಿರಿ ಎಂದ ಯೇಸುವೇ ಸರ್ಪದಂತೆ ಜಾಣರಾಗಿರಿ ಎಂದೂ ಹೇಳಿದ್ದಾನೆ.

ಧಾರವಾಡದಿಂದ:
ನನ್ನ ಲೆಕ್ಕವೆಲ್ಲ ತಟ್ಟೆಯದು. ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ತುಂಬಿ ಓಣಿಗೆಲ್ಲ ಕಳಿಸುತ್ತೇವೆ. ದೀಪಾವಳಿಗೆ ಯಾರ ಮನೆಯಿಂದ ಎಷ್ಟು ಬಂದಿತ್ತೋ ಅಷ್ಟೇ ಎಣಿಸಿ ಇಡುತ್ತಿದ್ದೆ. ಒಂದು ದಸರೆಯಲ್ಲಿ ಪಕ್ಕದ ಮನೆಯ ಅಜ್ಜಿ ಬನ್ನಿ ಎಲೆ ಹಿಡಿದು ಬಾಗಿಲಿಗೆ ಬಂದರು. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು ನಮ್ಮ ಕಡೆಯ ರೂಢಿ. ತೆಗೆದುಕೊಳ್ಳಲೋ ಬೇಡವೋ, ಸಭೆಯವರು ಕಂಡರೆ ಏನೆಂದಾರೋ ಎಂದು ಎಣಿಸುತ್ತ ನಿಂತೆ. ಎಲೆ ಹಿಡಿದ ಅವರ ಕೈ ಸಣ್ಣಗೆ ನಡುಗುತ್ತಿತ್ತು. "ನಿಮ್ಮಲ್ಲಿ ನಡೆಯದಿದ್ದರೆ ಬಿಡವ್ವಾ, ನಾನು ಬಂದದ್ದು ನಿನ್ನನ್ನು ನೋಡಲು" ಎಂದರು. ಪ್ರಸಂಗ ಕೇಳಿ ಕೇಳಿ ಬೆಳೆದವಳು ನಾನು, ಸರಳ ಹೃದಯ ಇದ್ದದ್ದು ಅವರಿಗೆ. ಒಳಗೆ ಕರೆದು ಚಹಾ ಕೊಟ್ಟೆ. ಆಮೇಲೆ ಎಣಿಸುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕೈ ಈಗಲೂ ಎಣಿಸುತ್ತದೆ. ಎಣಿಸಿದ್ದು ಗೊತ್ತಾದ ಕೂಡಲೇ ಇನ್ನೆರಡು ಕರ್ಚಿಕಾಯಿ ಹಾಕುತ್ತೇನೆ.

ನಿಮ್ಮ ಕುಂಬಳಕಾಯಿ ಇನ್ನೂ ಕೆಡದೆ ಇದ್ದರೆ ಗಾರಿಗೆ ಮಾಡಿಸಿ, ಆ ದಾಯಾದಿಯ ಮನೆಗೂ ಒಂದು ಡಬ್ಬಿ ಕಳಿಸಿ. 2,200ರ ಮಾತು ಮಾತ್ರ ತೆಗೆಯಬೇಡಿ.