ಭಾವನ ಮಾರುತಿಯ ತುಕ್ಕು, ಪುಟ್ಟನಿಗೆ ಮಾವನ ಉತ್ತರ

ಪುಟ್ಟ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋ ಎಲ್ಲ ಈಗ ನೋಡಿದೆ, ಭಾವನ, ಅಂದ್ರೆ ನಿನ್ನ ಅಪ್ಪನ, ತುಕ್ಕು ಹಿಡಿದ ಮಾರುತಿ 800 ಕಾರಿನದ್ದು. ಟೈಪ್ ಮಾಡ್ತಾ ಕೂತ್ರೆ ಮುಗಿಯುವುದಿಲ್ಲ, ಹಾಗಾಗಿ ಮಾತಾಡಿಯೇ ಕಳಿಸ್ತೇನೆ. ಉದ್ದ ಆಗ್ತದೆ, ಪೂರ್ತಿ ಕೇಳು. ಉಳಿದವರೂ ಕೇಳಿ. ಗುಜರಿಗೆ ಕೊಟ್ಟುಬಿಡು ಅಂತ ದೊಡ್ಡಮ್ಮ ಹೇಳಿದ್ದಾರೆ, ತೂತಿಗೆ ಫೈಬರ್ ಹಚ್ಚಿ ಮುಗಿಸು ಅಂತ ಬೆಂಗಳೂರಿನಿಂದ ಅಣ್ಣ ಹೇಳಿದ್ದಾನೆ. ಬಾಡಿ ತಗಡಿನ ಕೆಲಸದ ಟಿಂಕರ್ 18,000ಕ್ಕೆ ಪಟ್ಟಿ, ಅಂದ್ರೆ ತಗ್ಗು ತುಂಬುವ ಲೇಪ, ಹಾಕಿ ಪೈಂಟ್ ಹೊಡೆದು ಕೊಡ್ತೇನೆ ಅಂದ ಅಂತ ನೀನು ಬರ್ದಿದ್ದಿ. ನಾನೇ ಕೈ ಹಾಕಬಹುದಾ ಮಾವ ಅಂತ ಕೇಳಿದ್ದಿ. ಹಾಕಬಹುದು. ಆದ್ರೆ ಎಲ್ಲಿಗೆ ಹಾಕಬಹುದು, ಎಲ್ಲಿಗೆ ಹಾಕಬಾರದು ಅಂತ ಉಂಟು, ಅದನ್ನು ಹೇಳ್ತೇನೆ.

ಆ ಕಾರು ಗುಜರಿಗೆ ಹೋಗುವುದು ನನಗೆ ಇಷ್ಟ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. 1996ರಲ್ಲಿ ಭಾವ ಅದನ್ನು ತಂದ ದಿನ ನಾನು ಜೊತೆಗಿದ್ದೆ. ನೀನು ಹುಟ್ಟಿದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ, ಅಕ್ಕನ ಮಡಿಲಲ್ಲಿ. ಭಾವ ಹೋಗಿ ಎರಡು ವರ್ಷ, ಅಷ್ಟು ದಿನವೂ ಅದು ಮಲ್ಪೆಯ ಮನೆ ಹಿಂದೆ ಶೀಟಿನ ಅಡಿಯಲ್ಲಿ ನಿಂತದ್ದು. ಸಮುದ್ರ ಅರ್ಧ ಕಿಲೋಮೀಟರ್ ಇಲ್ಲ. ಓಡಿಸುವಾಗಲೂ ಬಂದರಿನ ರಸ್ತೆಯಲ್ಲೇ ಓಡಿದ ಕಾರು. ಮೀನಿನ ಲಾರಿಯಿಂದ ಉಪ್ಪು ನೀರು ರಸ್ತೆಗೆ ಸುರೀತಾ ಹೋಗ್ತದಲ್ಲ, ಅದು ಚಕ್ರ ತಿರುಗುವಾಗ ಅಡಿಗೆ ಹಾರ್ತದೆ. ಕಬ್ಬಿಣ, ಗಾಳಿ, ನೀರು ಮೂರು ಸೇರಿದ್ರೆ ತುಕ್ಕು ಬರ್ತದೆ, ಉಪ್ಪು ಸೇರಿದ್ರೆ ಅದು ಓಡ್ಲಿಕ್ಕೆ ಶುರು ಮಾಡ್ತದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಇಷ್ಟೆಲ್ಲ ಆಗಿಯೂ ಬಾಡಿ ನಿಂತಿದೆ ಅಂದ್ರೆ ಭಾವ ಅದನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದ ಅಂತ ಲೆಕ್ಕ ಹಾಕು.

ಈಗ ಕೆಲಸದ ಮಾತು. ನಿನ್ನ ಫೋಟೋದಲ್ಲಿ ಡ್ರೈವರ್ ಸೀಟಿನ ಮುಂದೆ, ಕ್ಲಚ್ ಪೆಡಲಿನ ಅಡಿ, ನೆಲ ಕಾಣುವ ತೂತು ಉಂಟು. ಬಾಗಿಲಿನ ಕೆಳ ಅಂಚಿನಲ್ಲಿ ಪೈಂಟ್ ಗುಳ್ಳೆ ಎದ್ದಿದೆ. ಇವೆರಡೂ ಹೆದರುವಂಥದ್ದಲ್ಲ. ನಿನ್ನ ಫೋಟೋದಲ್ಲಿ ಇಲ್ಲದ ಜಾಗವೇ ನನಗೆ ಹೆದರಿಕೆ. ಬಾನೆಟ್ ತೆಗೆದು ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಬಂದು ಕೂರುವ ಎರಡು ಗುಂಡು ಜಾಗ ನೋಡು. ಅಡಿಯಲ್ಲಿ ಮುಂದಿನ ಚಕ್ರ ಹಿಡಿದಿಡುವ ಲೋವರ್ ಆರ್ಮ್ ಬೋಲ್ಟ್ ಆಗುವ ಜಾಗ, ಹಿಂದೆ ಸ್ಪ್ರಿಂಗ್ ಕೂರುವ ಜಾಗ, ಜಾಕ್ ಕೊಡುವ ಜಾಗ, ಬಾಗಿಲಿನ ಅಡಿ ಉದ್ದಕ್ಕೆ ಹೋಗುವ ಪೆಟ್ಟಿಗೆಯ ಹಾಗಿನ ಭಾಗ. ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಅದರ ಹಿಡಿಯಿಂದ ಬಡಿ. ಠಣ್ ಅಂತ ಕೇಳಿದ್ರೆ ಸರಿ. ಒದ್ದೆ ರಟ್ಟಿಗೆ ಬಡಿದ ಹಾಗೆ ಮಂಕಾಗಿ ಕೇಳಿದ್ರೆ ತುದಿಯಿಂದ ಗಟ್ಟಿ ಚುಚ್ಚು. ಒಳಗೆ ಹೋಯ್ತಾ, ಅಲ್ಲಿಗೆ ನಿಲ್ಲಿಸು. ಮಾರುತಿ 800ಕ್ಕೆ ಜೀಪಿನ ಹಾಗೆ ಭಾರ ಹೊರಲಿಕ್ಕೆ ಬೇರೆ ಚೌಕಟ್ಟು, ಚಾಸಿಸ್, ಇಲ್ಲ ಪುಟ್ಟ. ಅದರ ತಗಡೇ ಮೈ, ತಗಡೇ ಎಲುಬು. ಆ ಜಾಗಗಳು ಮೆತ್ತಗಾಗಿದ್ರೆ ಅದು ನಿನ್ನ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ, ಬಾಡಿ ಕೆಲಸದಲ್ಲಿ ಪಳಗಿದವರೇ ಬರಬೇಕು. ಫೈಬರ್ ಅಂತೂ ಆ ಜಾಗಕ್ಕೆ ಬೇಡವೇ ಬೇಡ. ಅದು ತೂತು ಮುಚ್ತದೆ, ಭಾರ ಹೊರುವುದಿಲ್ಲ.

ಎರಡನೆಯದ್ದು, ಇದನ್ನು ನಾನು ನನ್ನ ಕಾರಲ್ಲಿ ಕಲಿತದ್ದು. 2020ರ ಲಾಕ್‌ಡೌನಿನಲ್ಲಿ ನನ್ನ ಕಾರಿನ ಅಡಿ ಮಾಡಿದೆ ಅಂತ ನಿಮಗೆಲ್ಲ ಗೊತ್ತುಂಟು. ಏಪ್ರಿಲ್, ಮೇ ಎರಡು ತಿಂಗಳು ಕೂತು ಕೊಯ್ದು, ಪ್ಯಾಚ್ ಹಾಕಿಸಿ, ಬಣ್ಣ ಕೊಟ್ಟು ಕಾರ್ಪೆಟ್ ಹಾಸಿದೆ. ಜೂನಿನಲ್ಲಿ ಮಳೆ ಹಿಡಿದು ಒಂದು ವಾರ ಆಗಿರಬೇಕು, ಬಾಗಿಲು ತೆಗೆದ ಕೂಡ್ಲೆ ಒಂದು ಮುಗ್ಗಲು ವಾಸನೆ. ಕಾರ್ಪೆಟ್ ಮೇಲೆ ಕೈ ಇಟ್ಟೆ, ಒಣಗಿಯೇ ಇತ್ತು. ಅದರ ಅಡಿಗೆ ಬೆರಳು ತೂರಿಸಿದೆ, ಅಲ್ಲಿ ದಪ್ಪ ಫೆಲ್ಟ್ ಇರ್ತದಲ್ಲ, ಅದು ಸ್ಪಂಜಿನ ಹಾಗೆ ನೀರು ಕುಡಿದು ಕೂತಿತ್ತು. ಒತ್ತಿದ್ರೆ ಬೆರಳಿನ ಸುತ್ತ ನೀರು ಮೇಲೆ ಬಂತು. ಅಷ್ಟು ಕಷ್ಟಪಟ್ಟ ತಗಡಿನ ಮೇಲೆ ವಾರವಿಡೀ ನೀರು ನಿಂತಿದೆ ಅಂತ ನೋಡುವಾಗ ಹೊಟ್ಟೆ ಚುರ್ ಅಂತು. ನಾನು ತೂತು ಮುಚ್ಚಿದ್ದೆ, ನೀರು ಬರುವ ದಾರಿ ಹುಡುಕಿರ್ಲಿಲ್ಲ.

ಹಾಗಾಗಿ ಗ್ರೈಂಡರ್ ಮುಟ್ಟುವ ಮೊದಲು ನೀರಿನ ಪರೀಕ್ಷೆ ಮಾಡು. ಕಾರ್ಪೆಟ್, ಫೆಲ್ಟ್ ಎಲ್ಲ ಹೊರಗೆ ತೆಗಿ. ನೀನು ಒಳಗೆ ಟಾರ್ಚ್ ಹಿಡ್ಕೊಂಡು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿ ಮಲಗು. ಅಕ್ಕನ ಹತ್ರ ಪೈಪ್ ಕೊಟ್ಟು ಮುಂದಿನ ಗ್ಲಾಸಿನ ಮೇಲೆ ನಿಧಾನ ನೀರು ಬಿಡಲಿಕ್ಕೆ ಹೇಳು. ಒಂದು ಮೂಲೆಯಲ್ಲಿ ಐದು ನಿಮಿಷ, ಮತ್ತೆ ಇನ್ನೊಂದು ಮೂಲೆ. ನನ್ನ ಕಾರಲ್ಲಿ ಗ್ಲಾಸಿನ ರಬ್ಬರ್ ಬೀಡಿಂಗ್ ಒಣಗಿ ಕಲ್ಲಾಗಿತ್ತು. ಎಡ ಮೂಲೆಯಿಂದ ಒಂದು ಸಣ್ಣ ಗೆರೆ ಹಾಗೆ ನೀರು ಇಳಿದು, ವೈರಿನ ಗೊಂಚಲು ಹಿಡ್ಕೊಂಡು ಬಂದು, ಸರಿಯಾಗಿ ತೂತು ಬಿದ್ದ ಜಾಗಕ್ಕೇ ತೊಟ್ಟಿಕ್ತಿತ್ತು. ಹೊಸ ಬೀಡಿಂಗ್ ಹಾಕಿದ ಮೇಲೆ ನಿಂತದ್ದು. ನಿನ್ನದರಲ್ಲಿ ಬೇರೆ ದಾರಿ ಇರಬಹುದು. ವೈಪರ್ ಅಡಿಯಲ್ಲಿ ಜಾಲರಿ ಉಂಟಲ್ಲ, ಅದರ ಒಳಗೆ ಎಲೆ ತುಂಬಿ ನೀರು ಹೋಗುವ ದಾರಿ ಕಟ್ಟಿರಬಹುದು. ಮೇಲೆ ಶೀಟ್ ಇದ್ರೂ ಆ ಹಲಸಿನ ಮರದ ಅಡಿಯೇ ನಿಂತ ಕಾರಲ್ಲವಾ. ಬಾಗಿಲಿನ ಪ್ಯಾಡ್ ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಸ್ಪೀಕರ್ ಹಾಕುವವರು ಅದನ್ನು ಹರಿದು ಬಿಸಾಡ್ತಾರೆ. ಕಿಟಕಿ ಗ್ಲಾಸಿನ ಸಂದಿಯಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಅದಕ್ಕೆ ಅಂತಲೇ ಕೆಳಗೆ ತೂತು ಇಟ್ಟಿದ್ದಾರೆ. ಆ ತೂತು ಮಣ್ಣಲ್ಲಿ ಮುಚ್ಚಿ ಹೋದ್ರೆ ಬಾಗಿಲು ಕೊಡಪಾನ ಆಗ್ತದೆ, ಅಂಚು ಒಳಗಿನಿಂದ ಕೊಳೀತದೆ. ನಿನ್ನ ಬಾಗಿಲಿನ ಗುಳ್ಳೆಗೆ ಅದೇ ಕಾರಣ ಅಂತ ನನ್ನ ಅಂದಾಜು. ತುಕ್ಕು ತಿಂದ ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು, ಅದು ಒಳಗಿಂದ ಉಬ್ಬಿ ಪೈಂಟನ್ನು ಎತ್ತುತ್ತದೆ. ಹೊರಗೆ ಕಡ್ಲೆಕಾಳಿನಷ್ಟು ಗುಳ್ಳೆ ಕಂಡ್ರೆ ಒಳಗೆ ಅಂಗೈ ಅಗಲ ಹೋಗಿದೆ ಅಂತಲೇ ತಿಳ್ಕೊ.

ಟಿಂಕರಿನ ಪಟ್ಟಿ ಯಾಕೆ ಬೇಡ ಅಂತ ಕೇಳಿದ್ದಿ. ನನ್ನ ಕಾರಿಗೆ ಅದಕ್ಕಿಂತ ಮೊದಲು ಒಬ್ಬರ ಹತ್ರ ಬಾಗಿಲಿನ ಅಡಿ ಭಾಗ ಸರಿ ಮಾಡಿಸಿದ್ದೆ. ನೋಡ್ಲಿಕ್ಕೆ ಕನ್ನಡಿ ಹಾಗಿತ್ತು. ಎರಡು ಮಳೆಗಾಲ ಕಳೀತು, ಬಿರುಕು ಬಂತು. ಗ್ರೈಂಡರ್ ಇಟ್ಟೆ ನೋಡು, ಕಿಡಿಯೇ ಹಾರ್ಲಿಲ್ಲ, ಬರೀ ಧೂಳು. ಬೆರಳಿನಷ್ಟು ದಪ್ಪ ಪಟ್ಟಿ. ಅದನ್ನು ಕಿತ್ತ ಮೇಲೆ ಒಳಗಿಂದ ಒಂದು ನ್ಯೂಸ್ ಪೇಪರ್ ಉಂಡೆ ಬಂತು, ಒದ್ದೆಯಾಗಿ, ತುಕ್ಕಿನ ಕೆಂಪು ಹಿಡಿದು, ಅದರಲ್ಲಿ ಒಂದು ಸಿನಿಮಾ ಜಾಹೀರಾತು ಇನ್ನೂ ಓದ್ಲಿಕ್ಕೆ ಆಗ್ತಿತ್ತು. ತೂತಿಗೆ ಪೇಪರ್ ತುರುಕಿ ಮೇಲೆ ಪಟ್ಟಿ ಎಳೆದಿದ್ರು. ಪಟ್ಟಿ ನೀರು ಹೀರ್ತದೆ ಪುಟ್ಟ. ತುಕ್ಕಿನ ಮೇಲೆ ಅದನ್ನು ಹಚ್ಚಿದ್ರೆ ಒದ್ದೆ ಬಟ್ಟೆ ಕಟ್ಟಿದ ಹಾಗೆಯೇ. ತಗ್ಗು ಸಮ ಮಾಡ್ಲಿಕ್ಕೆ ಎರಡು ಮೂರು ಮಿಲಿಮೀಟರ್ ಸಾಕು, ಅದೂ ತಗಡಿಗೆ ನೀರು ತಾಗದ ಹಾಗೆ ಮೊದಲು ಹೊಡೆಯುವ ಎಪಾಕ್ಸಿ ಪ್ರೈಮರ್ ಆದ ಮೇಲೆ. ನಿನ್ನ ಕಾರಲ್ಲಿ ಹಳೇ ಪಟ್ಟಿ ಎಲ್ಲಿ ಉಂಟು ಅಂತ ನೋಡ್ಲಿಕ್ಕೆ ಫ್ರಿಜ್ಜಿನ ಆಯಸ್ಕಾಂತ ಒಂದು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಎಳಿ. ಹಿಡಿಯದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕು.

ಒಂದು ನಿಮಿಷ, ಹಾಲಿನವ ಬಂದ. ಹಾಂ, ಬಂದೆ.

ಕೊಯ್ಯುವುದು ಹೇಗೆ ಅಂದ್ರೆ, 4 ಇಂಚಿನ ಗ್ರೈಂಡರ್ ಸಾಕು. ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಹಾಕಬೇಡ, ಮಾಸ್ಕೂ ಇರ್ಲಿ. ಕಾರಿನ ಅಡಿಗೆ ಹೋಗುವಾಗ ಬರೀ ಜಾಕ್ ನಂಬಬೇಡ, ಸ್ಟ್ಯಾಂಡ್ ಕೊಡು. ತೂತಿನ ಸುತ್ತ ತಗಡು ಬೆಳ್ಳಿ ಹಾಗೆ ಹೊಳೆಯುವ ತನಕ ಉಜ್ಜು, ಕಪ್ಪು ಚುಕ್ಕೆ ಉಳಿದಿದ್ರೆ ಇನ್ನೂ ತುಕ್ಕು ಉಂಟು ಅಂತ ಅರ್ಥ. ಗಟ್ಟಿ ತಗಡು ಸಿಕ್ಕಿದ ಮೇಲೂ ಒಂದು ಇಂಚು ಆಚೆಗೆ ಕೊಯ್ಯಿ. ತೂತು ನಿನ್ನ ಅಂಗೈಯಷ್ಟು ಇದ್ದದ್ದು ಊಟದ ಬಟ್ಟಲಿನಷ್ಟು ಆಗ್ತದೆ, ಆಗ ಎದೆ ಧಸಕ್ ಅಂತದೆ, ಅದು ಎಲ್ಲರಿಗೂ ಆಗುವುದೇ. ಮತ್ತೆ ಮನೆಯಲ್ಲಿ ಹಳೇ ಮದುವೆ ಆಮಂತ್ರಣದ ಕಾಗದ ಇರ್ತದಲ್ಲ, ದಪ್ಪದ್ದು, ಅದನ್ನು ಆ ಜಾಗಕ್ಕೆ ಇಟ್ಟು ಅಳತೆ ಕತ್ತರಿಸು. ಮಡಚಬೇಕಾದಲ್ಲಿ ಮಡಚಿ ಕೂರಿಸಿ ನೋಡು. ಕಾಗದ ಸರಿ ಕೂತ ಮೇಲೆಯೇ ತಗಡಿಗೆ ಹೋಗು. 20 ಗೇಜಿನ ಸಿಆರ್ ಶೀಟ್, ಅಂದ್ರೆ ಸತುವಿನ ಲೇಪ ಇಲ್ಲದ ಬರೀ ಉಕ್ಕಿನ ತಗಡು, ತಾ. ಸತುವಿನ ಲೇಪ ಇರುವ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲ ಅಂತ ಅಂಗಡಿಯವ ಹೇಳ್ತಾನೆ, ಆದ್ರೆ ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿ ಜ್ವರ ಬರ್ತದೆ.

ವೆಲ್ಡಿಂಗ್ ನೀನು ಮಾಡುವುದು ಬೇಡ. ಗೇಟ್ ಮಾಡುವವನನ್ನೂ ಕರೀಬೇಡ, ಅವನ ರಾಡಿನ ವೆಲ್ಡಿಂಗಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ತಗಡು ನಿಲ್ಲುವುದಿಲ್ಲ, ಒಂದು ತೂತು ಮುಚ್ಲಿಕ್ಕೆ ಹೋಗಿ ನಾಲ್ಕು ಆಗ್ತದೆ. ಗ್ಯಾಸ್ ಬಿಟ್ಟು ತೆಳು ತಂತಿಯಲ್ಲಿ ಬೆಸೆಯುವ ಸಿಒ2 ವೆಲ್ಡಿಂಗ್ ಮೆಷಿನ್ ಇರುವ ಟಿಂಕರನ್ನು ಒಂದು ದಿನಕ್ಕೆ ಕರೆಸುವ. ಕೊಯ್ದು, ಉಜ್ಜಿ, ಪ್ಯಾಚ್ ಕೂರಿಸಿ ರೆಡಿ ಇಟ್ರೆ ಅವನಿಗೆ ಅರ್ಧ ದಿನದ ಕೆಲಸ. ಒಂದೇ ಕಡೆ ಉದ್ದಕ್ಕೆ ಎಳೀಬೇಡ, ಇಲ್ಲಿ ಒಂದು ಚುಕ್ಕೆ, ಆಚೆ ಒಂದು ಚುಕ್ಕೆ ಇಡು ಅಂತ ಹೇಳು, ಇಲ್ಲದಿದ್ರೆ ಬಿಸಿಗೆ ತಗಡು ಹಪ್ಪಳದ ಹಾಗೆ ಏಳ್ತದೆ. ಬ್ಯಾಟರಿ ತೆಗೆದಿಡು. ಹಿಂಬದಿಯಲ್ಲಿ ಕೆಲಸ ಉಂಟಾದ್ರೆ ಪೆಟ್ರೋಲ್ ಟ್ಯಾಂಕ್ ಇಳಿಸದೆ ಕಿಡಿ ಹಾರಿಸಲೇಬಾರದು. ಮುಂದೆ ಮಾಡುವಾಗಲೂ ನೆಲಕ್ಕೆ ಅಂಟಿಸಿದ ಟಾರಿನ ಪ್ಯಾಡ್ ಕಿತ್ತು ತೆಗಿ. ನನ್ನದರಲ್ಲಿ ಆಚೆ ಬದಿಯ ಪ್ಯಾಡ್ ಹಾಗೇ ಬಿಟ್ಟಿದ್ದೆ, ಟಿಂಕರ್ ಹೆಲ್ಮೆಟ್ ಒಳಗಿಂದ ನೋಡ್ತಿದ್ದಾನೆ, ಅವನಿಗೆ ಹೊಗೆ ಕಾಣುವುದಿಲ್ಲ. ಸೀಟಿನ ಅಡಿಯಿಂದ ಹಳದಿ ಹೊಗೆ ಏಳುವುದನ್ನು ನೋಡಿದ್ದು ನಿನ್ನ ಅತ್ತೆ. ಒದ್ದೆ ಗೋಣಿ ತಂದು ಹಾಕಿದ್ಲು, ಅದರಿಂದ ಉಳೀತು. ಹಾಗಾಗಿ ವೆಲ್ಡಿಂಗ್ ದಿನ ಒಬ್ಬರು ಬರೀ ನೋಡ್ಲಿಕ್ಕೇ ನಿಲ್ಲಬೇಕು, ಒದ್ದೆ ಗೋಣಿ, ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಂಡು. ಮುಗಿದ ಮೇಲೂ ಒಂದು ಗಂಟೆ ಕಾರು ಬಿಟ್ಟು ಹೋಗಬಾರದು.

ಗ್ರೈಂಡರ್ ಹೋಗದ ಸಂದಿಗೆ ರಸ್ಟ್ ಕನ್ವರ್ಟರ್ ಅಂತ ಸಿಗ್ತದೆ, ಬ್ರಶ್ಶಿನಲ್ಲಿ ಹಚ್ಚಿದ್ರೆ ಕೆಂಪು ತುಕ್ಕು ಕಪ್ಪಾಗ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್, ಕೆಲವದರಲ್ಲಿ ಟ್ಯಾನಿನ್. ಆ ಟ್ಯಾನಿನ್ ನಮಗೆ ಹೊಸತಲ್ಲ, ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡ್ತಿದ್ರು, ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು. ತುಕ್ಕಿನ ಮೇಲೆ ಆಗುವುದೂ ಅದೇ. ಸಡಿಲ ತುಕ್ಕು ಕೆರೆದ ಮೇಲೆಯೇ ಹಚ್ಚಬೇಕು. ಅದು ತೆಳು ಪದರಕ್ಕೆ ಮಾತ್ರ, ತಿಂದು ಹೋದ ತಗಡು ಅದರಿಂದ ವಾಪಸ್ ಬರುವುದಿಲ್ಲ.

ವೆಲ್ಡ್ ಆದ ದಿನವೇ ಎಪಾಕ್ಸಿ ಪ್ರೈಮರ್ ಹೊಡಿ, ಮರುದಿನಕ್ಕೆ ಇಡಬೇಡ. ನಮ್ಮ ಕಡಲ ಗಾಳಿಗೆ ಬೋಳು ತಗಡು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗ್ತದೆ. ಜೋಡಣೆಗೆ ಸೀಲರ್ ಮೇಲಿಂದಲೂ ಅಡಿಯಿಂದಲೂ ಹಚ್ಚು. ಮತ್ತೆ ಪೈಂಟ್, ಆಮೇಲೆ ಅಡಿಗೆ ಕೋಟಿಂಗ್. ಕಪ್ಪು ಕೋಟಿಂಗನ್ನು ತುಕ್ಕಿನ ಮೇಲೆ ನೇರ ಹೊಡೆದ್ರೆ ಒಳಗೆ ತಿನ್ನುವುದು ಕಾಣುವುದೂ ಇಲ್ಲ. ಕೋಟಿಂಗ್ ಹೊಡೆಯುವಾಗ ನೀರು ಹೋಗುವ ತೂತುಗಳಿಗೆಲ್ಲ ಬೆಂಕಿಕಡ್ಡಿ ಸಿಕ್ಕಿಸಿಡು, ಒಣಗಿದ ಮೇಲೆ ತೆಗಿ. ಬಾಗಿಲಿನ ಅಡಿಯ ಪೆಟ್ಟಿಗೆ ಭಾಗದ ಒಳಗೆ ವ್ಯಾಕ್ಸ್ ಸ್ಪ್ರೇ ಉದ್ದ ನಳಿಗೆಯಲ್ಲಿ ಬಿಡಬೇಕು. ಸುಟ್ಟ ಆಯಿಲ್ ಹೊಯ್ಯುವವರು ಇದ್ದಾರೆ, ಅದು ರಬ್ಬರ್ ಬುಷ್ ಹಾಳು ಮಾಡ್ತದೆ, ನೆಲಕ್ಕೆ ಸೋರಿ ಬಾವಿಗೂ ಹೋಗ್ತದೆ, ನಿಮ್ಮ ಬಾವಿ ಅಲ್ಲೇ ಪಕ್ಕದಲ್ಲಿ ಉಂಟು.

ಬಾಗಿಲಿಗೆ ಹೆಚ್ಚು ತಲೆ ಕೆಡಿಸಬೇಡ. 800 ಮಾಡೆಲ್ 2014ರ ಜನವರಿ ತನಕ ಫ್ಯಾಕ್ಟರಿಯಿಂದ ಬಂದಿದೆ, ಗುಜರಿಯಲ್ಲಿ ಗಟ್ಟಿ ಬಾಗಿಲು ಸಿಕ್ಕಿದ್ರೆ ಅದನ್ನೇ ಹಾಕುವ. ನನಗೆ ಅಡಿ ಕೆಲಸಕ್ಕೆ ಶೀಟ್, ಡಿಸ್ಕ್, ಪ್ರೈಮರ್, ಟಿಂಕರಿನ ಕೂಲಿ ಎಲ್ಲ ಸೇರಿ 9,000 ಆಗಿತ್ತು, ಈಗ ಸ್ವಲ್ಪ ಹೆಚ್ಚಾಗಬಹುದು. 2021ರಲ್ಲಿ ಭಾವ ಆರ್‌ಸಿ ರಿನ್ಯೂವಲ್ ಮಾಡಿಸಿದ್ದ, ಐದು ವರ್ಷಕ್ಕೆ ಅಂದ್ರೆ 2026ಕ್ಕೆ ಮತ್ತೆ ಬ್ರೇಕ್ ಇನ್ಸ್‌ಪೆಕ್ಟರ್ ಎದುರು ನಿಲ್ಲಿಸಬೇಕು. ಈಗ ಮಳೆಯಲ್ಲಿ ಶುರು ಮಾಡುವುದು ಬೇಡ. ದೀಪಾವಳಿ ಕಳೀಲಿ, ಡಿಸೆಂಬರಿನಲ್ಲಿ ಒಣ ಗಾಳಿ ಬೀಸುವಾಗ ನಾನು ಕಾರ್ಕಳದಿಂದ ಗ್ರೈಂಡರ್, ಸ್ಟ್ಯಾಂಡ್ ತಗೊಂಡು ಬರ್ತೇನೆ, ನಾಲ್ಕು ದಿನ ಅಲ್ಲೇ ಉಳೀತೇನೆ. ದೊಡ್ಡಮ್ಮ, ಅಲ್ಲಿ ತನಕ ಗುಜರಿಯವನಿಗೆ ಫೋನ್ ಮಾಡಬೇಡಿ, ನನಗೋಸ್ಕರ.

ಪುಟ್ಟ, ನೀನು ಇವತ್ತೇ ಮಾಡುವುದು ಇಷ್ಟು. ಕಾರ್ಪೆಟ್ ಫೆಲ್ಟ್ ತೆಗೆದು ಅಟ್ಟದಲ್ಲಿ ಹರವು, ಆ ಸ್ಕ್ರೂಡ್ರೈವರ್ ಬಡಿದು ನೋಡಿ ಪ್ರತಿ ಜಾಗದ್ದೂ ಫೋಟೋ ಕಳಿಸು. ಹಿಡಿಸೂಡಿಯಿಂದ ಒಂದು ಗಟ್ಟಿ ಕಡ್ಡಿ ಎಳ್ಕೊಂಡು ನಾಲ್ಕೂ ಬಾಗಿಲಿನ ಅಡಿಯ ತೂತು ಚುಚ್ಚು. ಅಡಿಗೆ ಒಂದು ಬಟ್ಟಲು ಹಿಡಿ, ನೀರು ಎಷ್ಟು ಬಂತು ಅಂತ ರಾತ್ರಿ ಹೇಳು.