ಅಪ್‌ಡೇಟ್: ಡೆಂಟಲ್ ಹೈಜೀನಿಸ್ಟ್ ಕೋರ್ಸ್ ಸೇರಿದೆ, ಮೊದಲ ವರ್ಷ ಮುಗೀತು

ಪಿಯುಸಿ ಸೈನ್ಸ್ ಆಗಿದೆ, ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಗಲಿಲ್ಲ, ಹಲ್ಲು ಕ್ಲೀನ್ ಮಾಡೋದು ಕಲಿಸೋ 2 ವರ್ಷದ ಹೈಜೀನಿಸ್ಟ್ ಡಿಪ್ಲೊಮಾ ಸೇರಬಹುದಾ ಅಂತ ಹೋದ ವರ್ಷ ಇಲ್ಲಿ ಕೇಳಿದ್ದೆ. ಸೇರಿದೆ. ನೀವು ಹೇಳಿದ ಹಾಗೆ ಮೊದಲು ಡೆಂಟಲ್ ಕೌನ್ಸಿಲ್ ಮಾನ್ಯತೆ ನೋಡಿಕೊಂಡೆ, ಮುಂದೆ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕಲ್ಲ. ಒಂದು ಸಂಸ್ಥೆಯವರು ಇದಕ್ಕೆ ನೇರ ಉತ್ತರವನ್ನೇ ಕೊಡಲಿಲ್ಲ, ಅದನ್ನು ಬಿಟ್ಟೆ.

ಅನಾಟಮಿ, ಮೈಕ್ರೋಬಯಾಲಜಿ ಕೂತು ಓದಿದರೆ ಬರುತ್ತೆ. ಕಷ್ಟ ಇರೋದು ಕೈಕೆಲಸದಲ್ಲಿ. ಸ್ಕೇಲರ್ (ಹಲ್ಲಿನ ಗಾರೆ ಕೆರೆಯೋ ಉಪಕರಣ) ಹಿಡಿದಾಗ ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ಊರಿರಬೇಕು, ಜಾರಿದರೆ ಮೊನೆ ವಸಡಿಗೆ ತಾಗುತ್ತೆ. ದವಡೆ ಹಲ್ಲಿನ ಮುಂಬದಿಗೆ ಗ್ರೇಸಿ ಕ್ಯುರೆಟ್ ಅನ್ನೋ ಬಾಗಿದ ಮೊನೆಯ ಉಪಕರಣದಲ್ಲಿ 11-12 ನಂಬರಿನದು, ಹಿಂಬದಿಗೆ 13-14. ಫ್ಯಾಂಟಮ್ ಹೆಡ್ (ಅಭ್ಯಾಸಕ್ಕಿರೋ ಗೊಂಬೆ ತಲೆ) ಮೇಲೆ ಇದು ಕೈಗೆ ಕೂರೋಕೆ ನನಗೆ ಮೂರು ತಿಂಗಳು ಹಿಡೀತು.

ಮೊನ್ನೆ ಮೇಡಂ ಪಕ್ಕದಲ್ಲಿ ನಿಂತು ಒಬ್ಬ ರೋಗಿಯ ಹಲ್ಲು ಕ್ಲೀನಿಂಗ್ ನನ್ನ ಕೈಯಲ್ಲೇ ಮಾಡಿಸಿದರು. ಎಲೆ ಅಡಿಕೆ ಹಾಕೋ ಅಜ್ಜಿ, ಕೆಳಗಿನ ಮುಂಹಲ್ಲುಗಳ ಒಳಬದಿ ಪೂರ್ತಿ ಗಾರೆ (ಗಟ್ಟಿಯಾಗಿ ಅಂಟಿದ ಕೊಳೆ). "ಕ್ಲೀನ್ ಮಾಡಿದ್ರೆ ಹಲ್ಲು ಅಲ್ಲಾಡುತ್ತಂತೆ, ಹೌದೇನಮ್ಮ?" ಅಂದ್ರು. ವಸಡು ಸಡಿಲ ಮಾಡೋದೇ ಈ ಗಾರೆ ಅಜ್ಜಿ ಅಂತ ಕನ್ನಡಿ ಹಿಡಿದು ತೋರಿಸಿದೆ. ಕೆಲಸ ಮುಗಿದ ಮೇಲೆ ನಾಲಿಗೆಯಿಂದ ಹಲ್ಲಿನ ಒಳಗಡೆ ಸವರಿ ನೋಡಿ ನಕ್ಕರು.